ರಸ್ತೆಯಾಚೆಯ ದೀಪ

ಸಂಜೆ ದೀಪ ಹಚ್ಚಿದ ಕೂಡಲೇ ಕೈಮುಗಿಯುವುದು ನಮ್ಮ ಮನೆಯ ರೂಢಿ. ಅದು ಎಣ್ಣೆ ದೀಪವೇ ಆಗಬೇಕೆಂದಿಲ್ಲ. ಸ್ವಿಚ್ ಒತ್ತಿ ಬಲ್ಬು ಬೆಳಗಿದರೂ ಅಷ್ಟೇ, ಮಾಡುತ್ತಿದ್ದ ಕೆಲಸ ಬಿಟ್ಟು ಕೈ ಜೋಡಿಸಬೇಕು. ಕರೆಂಟು ಹೋಗಿ ಬಂದರೆ ಮತ್ತೊಮ್ಮೆ ಮುಗಿಯಬೇಕು. ಮಳೆಗಾಲದಲ್ಲಿ ಬೇಗೂರಿನ ಕಾಡೊಳಗೆ ಮರ ಬಿದ್ದು ತಂತಿ ಹರಿಯುವ ದಿನಗಳಲ್ಲಿ ನಮಗೆ ಬೇರೆ ಕೆಲಸಕ್ಕೆ ಪುರಸೊತ್ತೇ ಇರುತ್ತಿರಲಿಲ್ಲ.

ಈ ರೂಢಿಯನ್ನು ನನಗೆ ಕಲಿಸಿದವರು ನನ್ನ ಅತ್ತೆ. ಅವರ ಕಣ್ಣಿಗೆ ಪೊರೆ ಬಂದ ಮೇಲೆ ಅದೇ ರೂಢಿ ಅವರನ್ನು ಆಟವಾಡಿಸತೊಡಗಿತು. ನಮ್ಮ ಮನೆ ಮಾನಂತವಾಡಿಯಿಂದ ಕುಟ್ಟಕ್ಕೆ ಹೋಗುವ ರಸ್ತೆಯ ಒಂದು ತಿರುವಿನಲ್ಲಿದೆ. ಕುಟ್ಟದ ಕಡೆಯಿಂದ ಬರುವ ಪ್ರತಿ ಕಾರಿನ ಲೈಟು ಹೇಳದೆ ಕೇಳದೆ ನಮ್ಮ ಜಗಲಿಗೆ ನುಗ್ಗಿ, ಗೋಡೆಯ ಮೇಲೆ ಹರಿದು, ಕೊಟ್ಟಿಗೆಯ ದನಗಳ ಮುಖ ನೋಡಿಕೊಂಡು ಹೋಗುತ್ತದೆ. ಜಗಲಿಯಲ್ಲಿ ಕೂತ ಅತ್ತೆ ಅಷ್ಟು ಬೆಳಕಿಗೂ ಕೈಮುಗಿಯುತ್ತಿದ್ದರು. ರಜೆಯ ದಿನ ಕೊಡಗು ನೋಡಿ ಮರಳುವವರ ಕಾರುಗಳು ಸಾಲುಗಟ್ಟಿದರೆ ಅವರ ಕೈಗೆ ಬಿಡುವಿಲ್ಲ. ಮಲಯಾಳದವರ ಹಾಗೆ ನಾವೂ ಎಲ್ಲ ಗಾಡಿಯನ್ನೂ ವಂಡಿ ಎಂದೇ ಕರೆಯುವುದು. "ಅದು ವಂಡಿ ಅತ್ತೆ, ಕೈ ಇಳ್ಸಿ," ಎಂದು ನಾನು ಒಳಗಿನಿಂದ ಕೂಗುತ್ತಿದ್ದೆ. ದಿನಾ ಹೇಳಿ ಹೇಳಿ ಬಾಯಿ ಸೋತಿತ್ತು.

ನನಗೂ ಆ ಲೈಟುಗಳನ್ನು ಕಂಡರೆ ಆಗುತ್ತಿರಲಿಲ್ಲ. ಮೊದಲಿನ ವಂಡಿಗಳ ಲೈಟು ಹಳದಿಯಾಗಿ, ಸಂಕೋಚದಿಂದ ಬರುತ್ತಿತ್ತು. ಈಗಿನದು ಬೆಳ್ಳಗೆ, ಸೂಜಿಯ ಹಾಗೆ. ಕಣ್ಣಿಗೆ ಬಿದ್ದರೆ ಸಾಕು, ಆಮೇಲೆ ಬಹಳ ಹೊತ್ತು ರೆಪ್ಪೆಯ ಒಳಗೆ ಹಸಿರು ಚುಕ್ಕೆ ಕುಣಿಯುತ್ತದೆ. ಕಾಡಿನ ರಸ್ತೆಯಲ್ಲಿ ಆನೆ ಕಾಣಲಿ ಎಂದು ಅಷ್ಟು ಬೆಳಕು ಬೇಕಂತೆ. ಆನೆ ಕಾಣುತ್ತದೋ ಏನೋ, ಅಂಚಿನಲ್ಲಿ ನಿಂತ ಮನುಷ್ಯರಂತೂ ಯಾರಿಗೂ ಕಾಣುವುದಿಲ್ಲ.

ಮನೆಯೊಳಗಿನ ಬಲ್ಬುಗಳ ಮೇಲೂ ನನಗೆ ಅಷ್ಟೇ ಸಿಟ್ಟಿತ್ತು. ಹಳೆಯ ಹಳದಿ ಬಲ್ಬು ಬೆಳಕಿನ ಜೊತೆಗೆ ಬಿಸಿಯನ್ನೂ ಕೊಡುತ್ತಿತ್ತು. ಕೋಳಿಮರಿಗಳನ್ನು ಬುಟ್ಟಿಯಲ್ಲಿಟ್ಟು ಮೇಲೆ ಅದನ್ನು ಇಳಿಬಿಟ್ಟರೆ ತಾಯಿ ಕೋಳಿಯೇ ಬೇಡ. ಆಮೇಲೆ ಕರೆಂಟು ಉಳಿಸುವ ಸುರುಳಿ ಬಲ್ಬು ಬಂತು. ಸ್ವಿಚ್ ಒತ್ತಿದರೆ ಬೆಳಗಲೋ ಬೇಡವೋ ಎಂದು ಯೋಚಿಸಿ, ನಿಧಾನಕ್ಕೆ ಕಣ್ಣು ಬಿಡುತ್ತಿತ್ತು. ಅದೂ ಹೋಗಿ ಈಗ ಎಲ್‌ಇಡಿ. ಅದರ ಕೆಳಗೆ ಮರಿಗಳು ರಾತ್ರಿಯೆಲ್ಲ ನಡುಗಿದವು. ಚೇಕಾಡಿಯ ನಾದಿನಿ ಕಳಿಸಿದ ಅಕ್ಕಿಯಲ್ಲಿ ಕಲ್ಲು ಯಾವುದು, ಕಾಳು ಯಾವುದು ಎಂದು ಅದರ ಬೆಳಕಿನಲ್ಲಿ ನನಗೆ ತಿಳಿಯುತ್ತಿರಲಿಲ್ಲ. ಬಲ್ಬಿನ ಸುತ್ತ ಬಣ್ಣದ ಬಳೆಗಳು ಬೇರೆ. ನಮ್ಮ ಯಜಮಾನರಿಗೆ ಊಟದಲ್ಲಿ ಕಲ್ಲು ಸಿಕ್ಕಿದಾಗೆಲ್ಲ ನಾನು ಬಲ್ಬನ್ನೇ ಬೈಯುತ್ತಿದ್ದೆ. ಅವರು ಕಲ್ಲನ್ನು ತಟ್ಟೆಯ ಅಂಚಿಗಿಟ್ಟು ಸುಮ್ಮನೆ ಉಣ್ಣುತ್ತಿದ್ದರು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ನಮ್ಮ ಕಷ್ಟವೆಲ್ಲ ರಸ್ತೆಯ ಆಚೆ ಬದಿಯಲ್ಲಿತ್ತು. ಯಜಮಾನರ ಹಿರಿಯರು ಕಬಿನಿಯ ಆ ಕಡೆಯಿಂದ ಬರುವಾಗ ಮನೆದೇವರ ಕಲ್ಲನ್ನು ಹೊತ್ತು ತಂದು ಅಂಗಳದ ಹೊನ್ನೆಮರದ ಕೆಳಗೆ ಇಟ್ಟಿದ್ದರು. ಅಂಗಳದ ನಡುವೆ ಇದ್ದ ಗಾಡಿದಾರಿ ಟಾರು ರಸ್ತೆಯಾಯಿತು, ಆಮೇಲೆ ಅಗಲವಾಯಿತು. ಮನೆ ಈಚೆ ಉಳಿಯಿತು, ದೇವರು ಆಚೆ ಉಳಿಯಿತು. ಕಲ್ಲನ್ನು ಈಚೆಗೆ ತಂದುಬಿಡಿ ಎಂದು ರಸ್ತೆ ಮಾಡಿದವರೇ ಹೇಳಿದ್ದರಂತೆ. ಕೂತ ದೇವರನ್ನು ಎಬ್ಬಿಸಬಾರದು ಎಂದು ಹಿರಿಯರು ಒಪ್ಪಲಿಲ್ಲ. ಮುಸ್ಸಂಜೆಗೆ ಅಲ್ಲಿ ದೀಪ ಹಚ್ಚಬೇಕಾದವರು ಮನೆಯ ಹೆಂಗಸರು. ಒಪ್ಪದ ಹಿರಿಯರು ಯಾರೂ ಎಣ್ಣೆ ಕುಡಿಕೆ ಹಿಡಿದು ರಸ್ತೆ ದಾಟಿದವರಲ್ಲ.

ಹಾಗಾಗಿ ಪ್ರತಿ ಸಂಜೆ ನಾನು ಅತ್ತೆಯ ಕೈ ಹಿಡಿದು ದಾಟಿಸುತ್ತಿದ್ದೆ. ದೀಪ ನಾನೇ ಹಚ್ಚುತ್ತೇನೆ, ನೀವು ಜಗಲಿಯಿಂದಲೇ ಕೈಮುಗಿಯಿರಿ ಎಂದರೆ ಕೇಳುತ್ತಿರಲಿಲ್ಲ. ಹಾಲು ಕರೆದು, ದನಕ್ಕೆ ಹುಲ್ಲು ಹಾಕಿ, ಗಂಜಿ ಒಲೆಯ ಮೇಲಿಡುವ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿರುತ್ತಿತ್ತು. ಆಗ ಅವರು ಬತ್ತಿ ಹೊಸೆದು ಸೆರಗಿನಲ್ಲಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ಕತ್ತಲಾದರೆ ಆನೆಯ ಭಯ, ಬೇಗ ಹೋದರೆ ಹೊತ್ತಾಗಿಲ್ಲ ಎನ್ನುವ ತಕರಾರು. ಆ ನಡುವಿನ ಗಳಿಗೆಯಲ್ಲೇ ವಂಡಿಗಳೆಲ್ಲ ಕಾಡು ದಾಟುವ ಅವಸರದಲ್ಲಿ ಬರುತ್ತಿದ್ದವು. ಒಂದು ದಿನ ಈ ಮುದುಕಿ ನನ್ನ ಕೈಯಲ್ಲೇ ಹೋಗಿಬಿಡುತ್ತಾರೆ ಎಂಬ ಹೆದರಿಕೆ ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು. ಆ ಹೆದರಿಕೆಯನ್ನು ಹೊತ್ತೇ ಸಾಕಾಗಿತ್ತು ನನಗೆ.

ಯಜಮಾನರು ಸಂಜೆಯಾದರೆ ಗದ್ದೆ ಕಾಯಲು ಹೋಗುವವರು. ನನ್ನ ಗೊಣಗಾಟ ಕೇಳಿ ಕೇಳಿ, ಮಾನಂತವಾಡಿಯಿಂದ ಒಂದು ಸೋಲಾರ್ ಬಲ್ಬು ತಂದರು. ಹಗಲು ಬಿಸಿಲು ಕುಡಿದು, ಕತ್ತಲಾದ ಕೂಡಲೇ ತಾನೇ ಹತ್ತಿಕೊಳ್ಳುತ್ತದೆ, ಬೆಳಕಾದರೆ ತಾನೇ ಆರುತ್ತದೆ. ಕಲ್ಲಿನ ಪಕ್ಕ ಬಿದಿರಿನ ಕಂಬ ನೆಟ್ಟು ಕಟ್ಟಿದರು. ಇನ್ನು ಯಾರೂ ದಾಟಬೇಕಿಲ್ಲ, ದೇವರು ತನ್ನ ದೀಪ ತಾನೇ ಹಚ್ಚಿಕೊಳ್ಳುತ್ತಾನೆ ಎಂದು ಅಮ್ಮನಿಗೆ ತಮಾಷೆ ಮಾಡಿದರು. ಅತ್ತೆ ಮುಖ ಗಂಟಿಕ್ಕಿದರೂ ಮಗನ ಮಾತಿಗೆ ಒಪ್ಪಿದರು. ಕತ್ತಲಿಳಿಯಿತು, ಬಲ್ಬು ಹತ್ತಿತು, ಮೂವರೂ ಜಗಲಿಯಿಂದ ಕೈಮುಗಿದೆವು. ಅಂದು ನಾನು ಸಂಜೆಯ ಕಾಪಿಯನ್ನು ಕೂತುಕೊಂಡು ಕುಡಿದೆ.

ಆ ಸುಖ ಲೋಟ ಖಾಲಿಯಾಗುವವರೆಗೂ ಉಳಿಯಲಿಲ್ಲ. ಕುಟ್ಟದ ಕಡೆಯಿಂದ ಒಂದು ಕಾರು ಬಂತು. ಅದರ ಬೆಳಕು ಮೈಮೇಲೆ ಬಿದ್ದದ್ದೇ ತಡ, ಬೆಳಗಾಯಿತೆಂದು ತಿಳಿದ ಬಲ್ಬು ಆರಿಹೋಯಿತು. ಕಾರು ದಾಟಿದ ಮೇಲೆ ಮತ್ತೆ ಹತ್ತಿತು. ಇನ್ನೊಂದು ಕಾರು ಬಂತು, ಮತ್ತೆ ಆರಿತು. ದೀಪ ಆರಿತು ಎಂದು ಬಾಯಲ್ಲಿ ಆಡುವುದಕ್ಕೂ ನಮ್ಮಲ್ಲಿ ಅಂಜುತ್ತಾರೆ. ಅದು ದೇವರ ಮುಂದೆಯೇ, ಒಂದೇ ಸಂಜೆಯಲ್ಲಿ ಮತ್ತೆ ಮತ್ತೆ ಆರುತ್ತಿತ್ತು. ಅತ್ತೆಗೆ ಬೇರೇನೂ ಸರಿಯಾಗಿ ಕಾಣದಿದ್ದರೂ ಆಚೆಯ ಬೆಳಕು ಇದೆಯೋ ಇಲ್ಲವೋ ಎಂಬುದು ಕಾಣುತ್ತಿತ್ತು. ಪ್ರತಿ ಸಲವೂ ಎಣ್ಣೆ ದೀಪ ಹಚ್ಚಲು ಎದ್ದು ಹೊರಟುಬಿಡುತ್ತಿದ್ದರು. ನಾವು ಆಚೆ ಮುಟ್ಟುವಷ್ಟರಲ್ಲಿ ಬಲ್ಬು ಮತ್ತೆ ಹತ್ತಿರುತ್ತಿತ್ತು. ಯಜಮಾನರು ಬಲ್ಬಿನ ತಲೆಗೆ ತೆಂಗಿನ ಕರಟದ ಮರೆ ಕಟ್ಟಿದರು. ಬಿಸಿಲು ಸಿಗದೆ ಅದು ಹತ್ತುವುದನ್ನೇ ಮರೆತುಬಿಟ್ಟಿತು. ಮೊದಲು ಸಂಜೆಗೆ ಒಂದು ಸಲ ದಾಟುತ್ತಿದ್ದವರು, ಆ ಬಲ್ಬಿನ ದೆಸೆಯಿಂದ ಎಷ್ಟೋ ಸಲ ದಾಟಿದೆವು.

ಅಂಥ ಒಂದು ಸಂಜೆ ಮಂಜು ಇಳಿದಿತ್ತು. ರಸ್ತೆಯಂಚಿನಲ್ಲಿ ಅತ್ತೆಯ ಮೊಣಕೈ ಹಿಡಿದು ನಿಂತಿದ್ದೆ. ಬಿಳಿ ಲೈಟಿನ ಕಾರೊಂದು ಕಣ್ಣಿಗೆ ಸುಣ್ಣ ಎರಚಿದ ಹಾಗೆ ದಾಟಿ ಹೋಯಿತು. ರಸ್ತೆ ಖಾಲಿಯಾಯಿತೆಂದು ನಾನು ಬನ್ನಿ ಎಂದು ಕಾಲಿಟ್ಟೆ. ಅತ್ತೆ ನನ್ನ ಸೆರಗು ಹಿಡಿದು ಹಿಂದಕ್ಕೆ ಜಗ್ಗಿದರು. ಅವರ ಕೈಯಲ್ಲಿದ್ದ ಎಣ್ಣೆಯ ಕುಡಿಕೆ ಟಾರಿನ ಮೇಲೆ ಬಿದ್ದು ಒಡೆಯಿತು. ಹಳೆಯ ಜೀಪೊಂದು ಮಂದ ಲೈಟು ಹಾಕಿಕೊಂಡು ನಮ್ಮ ಮುಂದೆಯೇ ಕಿರುಗುಟ್ಟಿ ನಿಂತಿತು. ಕಣ್ಣು ಕಾಣದ ಅಮ್ಮನನ್ನು ಹೀಗಾ ಎಳೆದುಕೊಂಡು ಬರುವುದು ಎಂದು ಅದನ್ನು ಓಡಿಸುತ್ತಿದ್ದವನು ಮಲಯಾಳದಲ್ಲಿ ನನ್ನನ್ನು ಬೈದು ಹೋದ. ನನಗೆ ಆ ಜೀಪು ಕಂಡೇ ಇರಲಿಲ್ಲ. ಅತ್ತೆಗೆ ಅದು ಕೇಳಿಸಿತ್ತು.

ಮಾರನೆಯ ದಿನ ಅತ್ತೆ ಮಗನಿಗೆ, ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದರು. ಅಷ್ಟು ವರ್ಷ ಕತ್ತಿ ಕಂಡರೆ ಹೆದರುತ್ತೇನೆಂದು ಆಪರೇಷನ್ ಮುಂದೂಡಿದವರು ತಾವೇ ಸೀರೆ ಬದಲಿಸಿ ಕೂತಿದ್ದರು. ನೀನೂ ಬಾ ಎಂದು ನನ್ನನ್ನೂ ಹೊರಡಿಸಿದರು. ಡಾಕ್ಟರು ಮಲಯಾಳದವರು. ಅತ್ತೆ ಕುರ್ಚಿಯಲ್ಲಿ ಕೂರದೆ ನನ್ನನ್ನು ಮುಂದೆ ತಳ್ಳಿದರು.

"ನನ್ ಕಣ್ಣು ಕಾಣಾಕಿಲ್ಲ ಅಂತ ನಂಗೆ ಗೊತ್ತು ಡಾಕ್ಟ್ರೇ. ಇವ್ಳಿಗೂ ಕಾಣಾಕಿಲ್ಲ, ಅದು ಇವ್ಳಿಗೇ ಗೊತ್ತಿಲ್ಲ. ಮೊದ್ಲು ಇವ್ಳನ್ನ ನೋಡಿ."

ಡಾಕ್ಟರಿಗೆ ಕನ್ನಡ ತಿಳಿಯದಿದ್ದರೂ ಅವರ ಕೈ ತೋರಿಸಿದ್ದು ತಿಳಿಯಿತು. ನನ್ನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಬಲ್ಬಿನ ಸುತ್ತ ಬಳೆ ಕಾಣುತ್ತದೆಯೇ ಎಂದು ಕೇಳಿದರು. ಈಗಿನ ಬಲ್ಬುಗಳಲ್ಲಿ ಅದು ಎಲ್ಲರಿಗೂ ಕಾಣುವುದಲ್ಲವೇ ಎಂದೆ. ಅವರು ನಕ್ಕು, ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಕುರುಡಿಗೆ ಕುರುಡಿ ದಾರಿ ತೋರಿಸಿದ ಹಾಗಾಯಿತಲ್ಲ ಎಂದು ಯಜಮಾನರು ಬಸ್ಸಿನಲ್ಲಿ ಅಂದರು. ನಗು ಬರಲಿಲ್ಲ ನನಗೆ. ಅಳು ಬಂತು. ಇಷ್ಟು ದಿನ ಅತ್ತೆಯನ್ನು ದಾಟಿಸುತ್ತಿದ್ದೇನೆ ಎಂದುಕೊಂಡಿದ್ದೆ, ಅವರ ಕಿವಿ ಇಬ್ಬರನ್ನೂ ದಾಟಿಸುತ್ತಿತ್ತು.

ನನ್ನ ಸಕ್ಕರೆ ಕಾಯಿಲೆ ಇಳಿಯುವ ತನಕ ಆಪರೇಷನ್ ಆಗದು ಎಂದಿದ್ದಾರೆ. ಅತ್ತೆಗೆ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿ ಮನೆಗೆ ಬಂದವರು ಮೊದಲು ಅಕ್ಕಿಯ ಮೊರವನ್ನು ಕೈಗೆತ್ತಿಕೊಂಡರು. ಅದೇ ಎಲ್‌ಇಡಿಯ ಕೆಳಗೆ ಕೂತು ಕಲ್ಲುಗಳನ್ನು ಒಂದೊಂದಾಗಿ ಹೆಕ್ಕಿ ನೆಲದ ಮೇಲೆ ಗುಡ್ಡೆ ಹಾಕಿದರು. ಕಾರಿನ ಲೈಟುಗಳು ಮಾತ್ರ ಅವರಿಗೂ ಈಗ ಹಾಳು ಬೆಳಕೇ. ಅಷ್ಟರ ಮಟ್ಟಿಗೆ ನಾನು ಹೇಳಿದ್ದು ಸುಳ್ಳಲ್ಲ.

ಅತ್ತೆಯ ಕಣ್ಣಿಗೆ ಹೊಗೆ, ದೂಳು ತಾಗಬಾರದೆಂದು ಡಾಕ್ಟರು ಹೇಳಿದ್ದ ದಿನಗಳಲ್ಲಿ ಯಜಮಾನರೇ ದೀಪ ಹಚ್ಚಿದರು. ಅದು ಮುಗಿದ ಮೇಲೆ ಅತ್ತೆ ಮತ್ತೆ ಬಾಗಿಲಲ್ಲಿ ನಿಂತರು. ಕಂಬದ ಬಲ್ಬನ್ನು ಬಿಚ್ಚಿ ದನದ ಕೊಟ್ಟಿಗೆಗೆ ಕಟ್ಟಿದ್ದೇವೆ. ಎಣ್ಣೆ ಕುಡಿಕೆ ಈಗ ನನ್ನ ಸೆರಗಿನ ಮರೆಯಲ್ಲಿರುತ್ತದೆ, ನನ್ನ ಮೊಣಕೈ ಅವರ ಕೈಯಲ್ಲಿರುತ್ತದೆ. ಮೊದಲನೆಯ ಸಂಜೆ ರಸ್ತೆಯಂಚಿನಲ್ಲಿ ನಿಂತಿದ್ದೆವು. ಹಗಲೆಲ್ಲ ದುಡಿದು ನನ್ನ ತಲೆ ಭಾರವಾಗಿತ್ತು, ಕಣ್ಣು ಮುಚ್ಚಿಕೊಂಡಿದ್ದೆ. ಅತ್ತೆ ದಾಟಿಸಿದರೋ ಇಲ್ಲವೋ ಎಂಬ ಲಕ್ಷ್ಯವೂ ಇರಲಿಲ್ಲ. ರೆಪ್ಪೆಯ ಮೇಲೆ ಬೆಳಕು ಬಿದ್ದಂತಾಗಿ ಕುಡಿಕೆಯ ಸಮೇತ ಎರಡೂ ಕೈ ಜೋಡಿಸಿಬಿಟ್ಟೆ.

"ಅದು ವಂಡಿ ಕಣವ್ವ," ಎಂದರು ಅತ್ತೆ. "ಕೈ ಇಳ್ಸು. ದೀಪ ಇನ್ನೂ ಹಚ್ಚಿಲ್ಲ."