ಅಪ್ಪ, ಮಾಮಾ ಮತ್ತು ಮುಂದಿನ ಗಾಲಿ

ಆ ಕಾಲದಲ್ಲಿ ಔರಾದ ಕಡೆ ಮಳೆ ಹಿಡಿಯಿತೆಂದರೆ ಹೊಲದ ದಾರಿಗಳು ಗಾಡಿಗಳನ್ನು ನುಂಗಿಬಿಡುತ್ತಿದ್ದವು. ಸಂತಪುರದ ನಮ್ಮಪ್ಪ ಹೊಲಗಳಿಂದ ಟೊಮೆಟೊ, ಮೆಣಸಿನಕಾಯಿ ಹೇರಿಕೊಂಡು ಬೀದರಿಗೆ ಮುಟ್ಟಿಸುವ ಪಿಕಪ್ ಇಟ್ಟಿದ್ದ. ಕೆಸರಿಗೆ ಸಿಗಬಾರದೆಂದು ಕಮಾನ್ ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿ, ಹೆಚ್ಚಿಗೆ ಹಾಕಿಸಿ, ದೊಡ್ಡ ಟೈರು ತೊಡಿಸಿ ಅದನ್ನು ಗೇಣುದ್ದ ಎತ್ತರ ಮಾಡಿಸಿದ್ದ. ನೋಡಲು ರುಬಾಬು. ಆದರೆ ಎಂಜಿನ್ನಿನ ಜೋರು ಹಿಂದಿನ ಎರಡು ಗಾಲಿಗಷ್ಟೇ.

ಆ ವರ್ಷ ಬಳಗದ ಒಂದು ಮದುವೆಗೆ ಹೋದಾಗ ಅದು ಹಂದರದ ಎದುರಿನ ಕೆಸರಲ್ಲೇ ಹೂತುಕೊಂಡಿತು. ಅವ್ವನ ಅಣ್ಣ, ನನ್ನ ಮಾಮಾ, ಟ್ರ್ಯಾಕ್ಟರ್ ಕಟ್ಟಿ ಎಳೆದ. ಎಳೆದು ಸುಮ್ಮನಿರಲಿಲ್ಲ.

“ಒಂಟೆ ಮಾಡಿಟ್ಟಾರ ನೋಡ್ರಿ ಗಾಡೀನ. ಮ್ಯಾಲ ಡೌಲ, ಕೆಳಗ ದಮ್ಮಿಲ್ಲ.”

ಬಂದವರೆಲ್ಲ ನಕ್ಕರು. ಅವತ್ತಿನಿಂದ ಅಪ್ಪ ಅವನ ಸಂಗಡ ಮಾತು ಬಿಟ್ಟ.

ಕೆಟ್ಟದ್ದೇನೆಂದರೆ, ಮುಂದಿನ ಗಾಲಿಗಳಿಗೂ ಜೋರು ಬರುವಂತೆ ಮಾಡಬಲ್ಲವನು ನಮಗೆ ಗೊತ್ತಿದ್ದವರಲ್ಲಿ ಅವನೊಬ್ಬನೇ. ಬೀದರಿನ ಮೈಲೂರಿನಲ್ಲಿ ಅವನ ಗ್ಯಾರೇಜು, ಅದರ ಹಿಂದೆ ಮನೆ. ಆ ಮನೆಯಲ್ಲೇ ಇದ್ದು ನಾನು ಐದನೆಯ ತರಗತಿ ಓದುತ್ತಿದ್ದೆ. ಅವ್ವ ಇಬ್ಬರ ಮುಂದೆಯೂ ಅತ್ತು ಕರೆದು ಒಪ್ಪಿಸಿದಳು. ಸಾಮಾನು ಅಪ್ಪ ತರಬೇಕು, ಮಾಮಾ ಕೂಡಿಸಬೇಕು. ಮಾತು ಮಾತ್ರ ಇಲ್ಲ. ಅದಕ್ಕೆ ನಾನಿದ್ದೆ.

ಶಾಲೆಯಿಂದ ಬಂದರೆ ಡೀಸೆಲ್, ಗ್ರೀಸು, ನೆನೆದ ಮಣ್ಣು ಎಲ್ಲ ಕಲೆತ ವಾಸನೆ. ಮಾಮಾನ ಮಗಳು ಮಾದೇವಿಯೂ ನಾನೂ ಹಳೆಯ ಬೇರಿಂಗಿನ ಗುಂಡುಗಳಿಂದ ಗೋಲಿ ಆಡುತ್ತಿದ್ದೆವು. ಅತ್ತೆ ಕೊಟ್ಟ ಚುರಮುರಿ ಸುಸಲಾದ ತುಂಬ ನಮ್ಮ ಬೆರಳಿನ ಗ್ರೀಸೇ. ಅಷ್ಟರಲ್ಲಿ ಕರೆ ಬರುತ್ತಿತ್ತು. ಇಬ್ಬರೂ ನಾಲ್ಕು ಮಾರು ದೂರದಲ್ಲಿ ನಿಂತಿರುತ್ತಿದ್ದರು.

“ಏ ಪೋರಿ, ನಿಮ್ಮಪ್ಪಗ ಹೇಳು, ಕೈ ಕಟ್ಕೊಂಡು ನಿಂದ್ರಬ್ಯಾಡ, ಜಾಕ್ ಹಿಡಿ ಅಂತ.”

“ನಿಮ್ಮ ಮಾಮಾಗ ಹೇಳು, ನಾ ಅವನ ಆಳಲ್ಲ ಅಂತ.”

ಮುಟ್ಟಿಸದಿದ್ದರೆ ಹೇಳಿದವನು ಬಯ್ಯುತ್ತಿದ್ದ, ಮುಟ್ಟಿಸಿದರೆ ಕೇಳಿದವನು. ಒಮ್ಮೆ ಮಾಮಾನ ಮಾತನ್ನು ಇದ್ದಂತೆ ಒಪ್ಪಿಸಿದ್ದಕ್ಕೆ ಅಪ್ಪ ನನ್ನ ಕೆನ್ನೆಗೆ ಬಾರಿಸಿದ. “ಅವಂದೇ ಬಾಯಿ ಬಂದದ ನಿನಗ,” ಅಂದ. ಆಮೇಲೆ ನನಗೆ ಇಬ್ಬರನ್ನೂ ಕಂಡರೆ ಆಗುತ್ತಿರಲಿಲ್ಲ.

ಅಪ್ಪ ಮುಂದಿನ ಗಾಲಿಗಳ ಅಚ್ಚು, ಎಕ್ಸೆಲ್, ತರಲು ಭಾಲ್ಕಿಯ ಗುಜರಿಗೆ ಹೊರಟ ದಿನ ಮಾಮಾ ನಮ್ಮಿಬ್ಬರನ್ನೂ ಆಟದಿಂದ ಎಬ್ಬಿಸಿದ.

“ಚಂದಾಗಿ ಕೇಳು. ಎಕ್ಸೆಲ್ಲಿನ ಒಳಗಿನ ಗೇರಿನ ಹಲ್ಲ ಎಣಿಸ್ಲಾಕ ಹೇಳು. ಹಿಂದ ಎಷ್ಟ ಅವ, ಮುಂದನೂ ಅಷ್ಟೇ ಇರಬೇಕು. ಇಲ್ಲಾಂದ್ರ ಮುಂದಿನ ಗಾಲಿ ಒಂದ್ ಚಾಲ, ಹಿಂದಿನ ಗಾಲಿ ಒಂದ್ ಚಾಲ, ಎಲ್ಲಾ ಮುರೀತದ. ನಿಮ್ಮಪ್ಪಗ ಎಣಿಸ್ಲಾಕ ಬರ್ತದೋ ಇಲ್ಲೋ, ಅದನ್ನೂ ಕೇಳು.”

ಆ ಕೊನೆಯ ಮಾತಿಗೇ ನನ್ನ ಕೆನ್ನೆ ಉರಿಯತೊಡಗಿತು. ಗೇಟಿನ ಹತ್ತಿರ ನಿಂತಿದ್ದ ಅಪ್ಪ, “ಏನಂದ?” ಎಂದ.

“ಏನಿಲ್ಲ.”

ಎಕ್ಸೆಲ್ ಬಂತು. “ಎಣಿಸ್ಯಾನೇನು?” ಎಂದು ಮಾಮಾ ಕೇಳಿದ. “ಹೂಂ, ಎಣಿಸ್ಯಾರಂತ,” ಅಂದೆ. ಅವನು ಬಿಚ್ಚಿ ನೋಡಲಿಲ್ಲ. ನನ್ನನ್ನು ನಂಬಿದ.

ಸೋಯಾ ಹೂ ಬಿಡುವ ಹೊತ್ತಿಗೆ ಗಾಡಿ ತಯಾರಾಯಿತು. ಕಮಠಾಣದ ಹತ್ತಿರದ ಒಂದು ಹೊಲದಲ್ಲಿ ಪರೀಕ್ಷೆ. ಅಪ್ಪ ಹೊಸ ಲಿವರ್ ಎಳೆದು ಕೆಸರಿಗೆ ಇಳಿಸಿದ. ಮುಂದಿನ ಗಾಲಿಗಳು ಮಣ್ಣು ಕಚ್ಚಿದವು. ಗಾಡಿ ಗುರುಗುಟ್ಟುತ್ತ ದಾಟಿಯೇ ಬಿಟ್ಟಿತು. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ನಕ್ಕ. ಮಾಮಾನೂ ಎರಡು ಹೆಜ್ಜೆ ಮುಂದೆ ಹೋದ. ಇನ್ನೇನು ಮಾತಾಡುತ್ತಾರೆ ಅಂದುಕೊಂಡೆ.

ಗಾಡಿ ಗಟ್ಟಿ ನೆಲಕ್ಕೆ ಏರಿತು. ಕೆಸರಲ್ಲಿ ಜಾರಿ ಹೊಂದಿಕೊಂಡಿದ್ದ ಗಾಲಿಗಳಿಗೆ ಇಲ್ಲಿ ಜಾರಲು ಆಗಲಿಲ್ಲ. ಕಟಕಟ ಸದ್ದು, ಹಿಂದೆಯೇ ಏನೋ ಒಡೆದ ದೊಡ್ಡ ಸದ್ದು. ನಡುವಿನ ಗೇರ್ ಬಾಕ್ಸ್ ಸೀಳಿ ಕೆಂಪು ನೆಲದ ಮೇಲೆ ಕರಿ ಎಣ್ಣೆ ಸುರಿಯಿತು. ಮಾಮಾ ಅಲ್ಲೇ ಎಕ್ಸೆಲ್ ಬಿಚ್ಚಿ ಹಲ್ಲು ಎಣಿಸಿದ. ಎದ್ದು ಬಂದು, ಅಷ್ಟು ತಿಂಗಳಲ್ಲಿ ಮೊದಲ ಸಲ, ನೇರ ಅಪ್ಪನಿಗೇ ಅಂದ:

“ಎಣಿಸೀನಿ ಅಂತ ಸುಳ್ಳ ಹೇಳ್ದಿ?”

“ನಾ ಯಾವಾಗ ಹೇಳೀನಿ? ಎಣಿಸು ಅಂತ ನೀ ಯಾವಾಗ ಹೇಳಿದಿ?”

ಇಬ್ಬರೂ ನನ್ನ ಕಡೆ ತಿರುಗಿದರು.

“ಮಾಮಾ ಏನೂ ಹೇಳಿಲ್ಲ,” ಅಂದೆ.

“ನಾ ಅಲ್ಲೇ ಇದ್ದೆ. ಹೇಳ್ಯಾನ ನಮ್ಮಪ್ಪ!” ಮಾದೇವಿ ಚೀರಿದಳು.

“ನೀ ಅವನ ಮಗಳು, ಮತ್ತೇನಂತಿ?” ಅಪ್ಪ ಅವಳನ್ನು ಗದರಿದ.

ಮಾಮಾ ನಟ್ಟು ಬಿಚ್ಚಿದ ಪಾನಾ ಕೆಸರಿಗೆ ಎಸೆದ. “ಇನ್ನ ನನ್ನ ಮನಿ ಹೊಸ್ತಿಲ ತುಳೀಬ್ಯಾಡ್ರಿ, ಯಾರೂ.”

ಅವತ್ತೇ ಅಪ್ಪ ನನ್ನ ಬಟ್ಟೆ, ಪುಸ್ತಕ ಕಟ್ಟಿಸಿ ಸಂತಪುರದ ಬಸ್ಸು ಹತ್ತಿಸಿದ. ಮಾದೇವಿ ಹೊರಗೆ ಬರಲಿಲ್ಲ. ಗಾಡಿಯ ಜೋರು ಮತ್ತೆ ಹಿಂದಿನ ಎರಡೇ ಗಾಲಿಗಾಯಿತು. ಮುಂದಿನ ಬೇಸಿಗೆಗೆ ಅಪ್ಪ ಅದನ್ನು ಮಾರಿದ. ಪಂಚಮಿಗೆ ಅವ್ವನನ್ನು ತವರಿಗೆ ಕರೆಯಲು ಮಾಮಾ ಬರಲಿಲ್ಲ. ಆ ವರ್ಷವೂ ಇಲ್ಲ, ಆಮೇಲೂ ಇಲ್ಲ. ಅವ್ವ ಮತ್ತೆ ಆ ಹೊಸ್ತಿಲು ದಾಟಿದ್ದು ಎಷ್ಟೋ ವರ್ಷದ ಮೇಲೆ, ಅಪ್ಪನ ಮತ್ತು ನನ್ನ ಸಂಗಡ ಅಣ್ಣನ ಮಣ್ಣಿಗೆ ಹೋದಾಗಲೇ. ಅಲ್ಲಿ ಮಾದೇವಿ ನನಗೆ ನೀರು ಕೊಟ್ಟಳು, ಬೇರೆ ಊರಿನಿಂದ ಬಂದ ಯಾರಿಗೋ ಕೊಟ್ಟಂತೆ. ಅವಳಿಗೆ ಎಷ್ಟು ಮಕ್ಕಳು ಎಂಬುದೂ ನನಗೆ ಗೊತ್ತಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ತಡೆಯಲಾಗದೆ, ಪಕ್ಕದಲ್ಲಿ ಕೂತ ಅಪ್ಪನಿಗೆ ನಿಜ ಹೇಳಿದೆ. ಅಪ್ಪ ಕೈಯಲ್ಲಿದ್ದ ಟಿಕೀಟು ಮಡಚಿ ಜೇಬಿಗೆ ಇಟ್ಟುಕೊಂಡ.

“ಗೊತ್ತಿತ್ತು,” ಅಂದ. “ಅವತ್ತೇ ನಿನ್ನ ಮಾರಿ ನೋಡಿ ಗೊತ್ತಾಗಿತ್ತು. ಆ ಮದುವಿದು ಸಿಟ್ಟ ಹೋಗಿರಲಿಲ್ಲ ನನಗ.”

ಮುಂದಿನ ಸೀಟಿನಲ್ಲಿ ಅವ್ವ ಸೆರಗು ಮುಖಕ್ಕೆ ಒತ್ತಿಕೊಂಡು ಕೂತಿದ್ದಳು. ಅವಳಿಗೆ ನಮ್ಮಿಬ್ಬರಲ್ಲಿ ಯಾರೂ ಇನ್ನೂ ಹೇಳಿಲ್ಲ.