ಶರಣಾದವರಿಗೆ ನೀರು

ನಮ್ಮ ದೊಡ್ಡಪ್ಪಯ್ಯನ ಮನೆಗೆ ಯಾರೇ ಬರಲಿ, ಕರೆಂಟಿನ ಮೀಟರ್ ನೋಡುವವನೇ ಇರಲಿ, ಮೀನು ಮಾರುವವಳೇ ಇರಲಿ, ಮೊದಲು ಒಂದು ಚೂರು ಬೆಲ್ಲ, ಒಂದು ಚೊಂಬು ನೀರು, ಆಮೇಲೆ ಮಾತು. ನಮ್ಮ ಕಡೆ ಎಲ್ಲ ಮನೆಯ ಪದ್ಧತಿಯೂ ಅದೇ. ಆದರೆ ಇವರದ್ದು ಅತಿ. ಒಮ್ಮೆ ಮೀನಿನವಳು ನೀರು ಕುಡಿಯದೆ ಹೋದಳೆಂದು ದೊಡ್ಡಮ್ಮನ ಕೆನ್ನೆಗೆ ಬಾರಿಸಿದ್ದರು. ನಾವೆಲ್ಲ ಅದನ್ನು ಮಿಲಿಟರಿ ಮರ್ಲು, ಸೈನ್ಯದಲ್ಲಿ ಹತ್ತಿದ ಹುಚ್ಚು, ಎಂದು ನಗುತ್ತಿದ್ದೆವು. ದೊಡ್ಡಮ್ಮ ನಗುತ್ತಿರಲಿಲ್ಲ.

ಹರೆಯದಲ್ಲಿ ಮುಂಬಯಿಯ ಹೋಟೆಲಿನಲ್ಲಿ ಕಪ್ಪು ತೊಳೆಯುತ್ತಿದ್ದವರು ಎರಡನೇ ಮಹಾಯುದ್ಧದ ಕಾಲಕ್ಕೆ ಸೈನ್ಯ ಸೇರಿ, ಇಟಲಿಯಲ್ಲಿ ನೀರಿನ ಲಾರಿ ಓಡಿಸಿದ್ದರು. ಕೊನೆಗೆ ಜರ್ಮನ್ ಸೈನಿಕರು ದಂಡುದಂಡಾಗಿ ಕೈ ಎತ್ತಿಕೊಂಡು ಬಂದದ್ದು, ಅವರ ಬಂದೂಕುಗಳು ರಸ್ತೆಬದಿಯಲ್ಲಿ ತೆಂಗಿನ ಸಿಪ್ಪೆಯ ಹಾಗೆ ರಾಶಿ ಬಿದ್ದದ್ದು, ಇಷ್ಟನ್ನು ನಾವು ಸಾವಿರ ಸಲ ಕೇಳಿದ್ದೆವು. ಕಥೆ ಯಾವಾಗಲೂ ಆ ರಾಶಿಯ ಹತ್ತಿರ ನಿಂತುಬಿಡುತ್ತಿತ್ತು.

ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ ನಾನು ಬ್ರಹ್ಮಾವರದ ಹತ್ತಿರದ ಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ಆಗಸ್ಟ್ ಹದಿನೈದರ ಭಾಷಣಕ್ಕೆ ಅವರನ್ನೇ ಕರೆದೆ. ಸಾಯುವ ಮೊದಲು ನಾಲ್ಕು ಜನರ ಎದುರು ಒಂದು ಮಾತು ಹೇಳಲಿಕ್ಕಿದೆ ಎಂದರು. ಹೇಳಲಿ, ಹೆಡ್ ಮಾಸ್ಟರ ಹತ್ತಿರ ನನಗೂ ನಾಲ್ಕು ಮಾರ್ಕು ಎಂದುಕೊಂಡೆ. ಮಕ್ಕಳಿಂದ ಇಸವಿ ಬಾಯಿಪಾಠ ಮಾಡಿಸಿ ಗೊತ್ತಿತ್ತೇ ಹೊರತು, ಒಬ್ಬರ ಮಾತು ಪೂರ್ತಿ ಕೇಳಿ ಗೊತ್ತಿರಲಿಲ್ಲ ನನಗೆ.

ಮೈಕಿನ ಎದುರು ಅವರು ಬಂದೂಕಿನ ರಾಶಿಯನ್ನು ದಾಟಿ ಮುಂದೆ ಹೋದರು. ಲಾರಿಯಲ್ಲಿ ಪಕ್ಕ ಕೂರುತ್ತಿದ್ದ ಬೈಂದೂರಿನ ಗೆಳೆಯ ಒಂದು ವಾರದ ಹಿಂದಷ್ಟೇ ಶೆಲ್ಲಿಗೆ ಸತ್ತಿದ್ದನಂತೆ. ಶರಣಾದವರ ಸಾಲಿನಿಂದ ಒಬ್ಬ ತಗಡಿನ ಮಗ್ಗು ಹಿಡಿದು ಬಂದು ನೀರು ಬೇಡಿದ. ಇವರು ನಲ್ಲಿ ಬಿಟ್ಟರು, ಅವನ ಮಗ್ಗಿಗಲ್ಲ, ನೆಲಕ್ಕೆ.

"ಅಂವ ಕೆಸ್ರನ್ನೇ ನೆಕ್ದ. ನಾನ್ ನೆಗಾಡ್ದೆ. ಅಲ್ಲೇ ಬಿದ್ದಂವ ಮತ್ತೆ ಏಳ್ಲಿಲ್ಲೆ."

ಹೆಡ್ ಮಾಸ್ಟರು ನನ್ನತ್ತ ಕಣ್ಣು ಕೆಂಪು ಮಾಡಿದರು. ನಾನು ಓಡಿಹೋಗಿ ಮೈಕು ಕಸಿದೆ. ಹಿರಿಯರಿಗೆ ವಯಸ್ಸಾಗಿದೆ, ನೆನಪು ಕಲಸಿಹೋಗಿದೆ, ಬೆಲ್ಲ ನೀರು ಕೊಡುವ ಊರಿನವರು ಹಾಗೆ ಮಾಡುವುದುಂಟೇ, ಇವರು ಖಂಡಿತ ನೀರು ಕೊಟ್ಟಿದ್ದಾರೆ ಎಂದು ಮಕ್ಕಳಿಗೆ ಹೇಳಿದೆ. ಭರ್ಜರಿ ಚಪ್ಪಾಳೆ ಬಿತ್ತು. ದೊಡ್ಡಪ್ಪಯ್ಯ ಬಾಯಿ ತೆರೆದುಕೊಂಡೇ ನಿಂತಿದ್ದರು. ಯಾರೋ ಶಾಲು ಹೊದೆಸಿ ಕೂರಿಸಿದರು.

ಆಮೇಲೆ ಎಷ್ಟೋ ತಿಂಗಳು ನಾನು ಅವರ ಮನೆ ಕಡೆ ತಲೆ ಹಾಕಲಿಲ್ಲ. ನಾಚಿಕೆ, ಮತ್ತೇನು? ಬೇಸಿಗೆ ರಜೆಯಲ್ಲಿ ಧೈರ್ಯ ಮಾಡಿ, ಸಾಸ್ತಾನದಲ್ಲಿ ಬಸ್ಸಿಳಿದು ಉರಿಬಿಸಿಲಲ್ಲಿ ನಡೆದು ಹೋದೆ. ನನ್ನನ್ನು ಕಂಡು ಅವರೇ ಬೆಲ್ಲವನ್ನೂ ಚೊಂಬನ್ನೂ ಹಿಡಿದು ಅಂಗಳಕ್ಕೆ ಬಂದರು. ಸಿಟ್ಟು ಇಳಿದಿದೆ ಎಂದು ಸಮಾಧಾನವಾಯಿತು. ಬೆಲ್ಲ ಕೈಗಿಟ್ಟರು. ಬಾಯಿಗೆ ಹಾಕಿಕೊಂಡು ನೀರಿಗೆ ಕೈ ಚಾಚಿದೆ. ಅವರು ನನ್ನ ಮುಖ ನೋಡುತ್ತಲೇ ಚೊಂಬನ್ನು ನೆಲಕ್ಕೆ ಬಗ್ಗಿಸಿದರು, ನಿಧಾನವಾಗಿ, ಪೂರ್ತಿ.

"ಕಾಣ್, ಹೀಂಗೇ ಚೆಲ್ಲಿದ್ದ್ ನಾನ್. ಈಗಾರೂ ನಂಬ್ತ್ಯಾ?"

ದೊಡ್ಡಮ್ಮ ಗಡಬಡಿಸಿ ಒಳಗಿಂದ ಇನ್ನೊಂದು ಚೊಂಬು ತಂದರು. ದೊಡ್ಡಪ್ಪಯ್ಯ ಅದನ್ನೂ ಕಸಿದು ಸುರಿದರು. ಬೆಲ್ಲ ಗಂಟಲಲ್ಲಿ ಅಂಟಿಕೊಂಡಿತ್ತು.

"ನಂಬ್ದೆ, ದೊಡ್ಡಪ್ಪಯ್ಯ" ಎಂದೆ.

ಆದರೂ ಅವರು ನೀರು ಕೊಡಲಿಲ್ಲ.