ಉಸಿರಿನ ಜಾಗ

ರಾಯಚೂರಿನ ನಮ್ಮ ನಾಲ್ಕು ಸ್ಯಾಕ್ಸೊಫೋನ್‌ಗಳ ತಂಡದಲ್ಲಿ ಪಾಶ್ಚಾತ್ಯ ಸ್ವರಲಿಪಿ ಓದಲು ಬರುತ್ತಿದ್ದುದು ನನಗೊಬ್ಬನಿಗೇ. ಆ ಜಂಬದಲ್ಲಿ, ಏನು ನುಡಿಸಬೇಕೆಂದು ಆರಿಸುವ ಕೆಲಸವನ್ನೂ ನಾನೇ ಹಿಡಿದುಕೊಂಡಿದ್ದೆ. ಉಳಿದ ಮೂವರು, ನಾನು ನುಡಿಸಿ ತೋರಿಸಿದ್ದನ್ನು ಕೇಳಿಯೇ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಅವರಲ್ಲಿ ಹಿರಿಯರು ಮಾನ್ವಿಯ ಬ್ಯಾಂಡ್ ಮಾಸ್ತರರು, ಮದುವೆ ಮೆರವಣಿಗೆಗಳಲ್ಲಿ ಪಳಗಿದವರು. ನಾನು ಹೊಸ ಹಾಳೆ ತಂದಾಗಲೆಲ್ಲ ಅದನ್ನು ಬೆಳಕಿಗೆ ಹಿಡಿದು, ಕಪ್ಪು ಚುಕ್ಕಿಗಳ ಮೇಲೆ ಬೆರಳಾಡಿಸಿ ಕೇಳುತ್ತಿದ್ದರು: "ಇದ್ರಾಗ ಉಸಿರು ಎಲ್ಲಿ ತಗೋಬೇಕ್ರೀ ಸರ?"

ಓದಲು ಬಾರದವರ ಪ್ರಶ್ನೆಯೆಂದು ನಾನು ನಗುತ್ತಿದ್ದೆ. ಚುಕ್ಕಿ ಹೆಚ್ಚಿದ್ದಷ್ಟೂ ಸಂಗೀತ ದೊಡ್ಡದು ಎಂಬುದು ನನ್ನ ನಂಬಿಕೆ.

ದೇವದುರ್ಗದ ಒಂದು ಮದುವೆಯೂಟಕ್ಕೆ ಹಾಳೆಯೆಲ್ಲ ಕಪ್ಪಾಗಿದ್ದ ರಚನೆಯೊಂದನ್ನು ಆರಿಸಿದೆ. ನುಡಿಸುತ್ತಿದ್ದಾಗ ನಡುವೆ ಫ್ಯಾನಿನ ಗಾಳಿಗೆ ನನ್ನ ಹಾಳೆಗಳು ಹಾರಿ ಊಟದ ಸಾಲಿಗೆ ಬಿದ್ದವು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಆ ಮೂವರು ಮಾತ್ರ ಓಟ ತಗ್ಗಿಸಿ, ಕೊನೆಯವರೆಗೂ ಹಾಯಾಗಿ ನುಡಿಸಿದರು. ಜನ ಎಡಗೈಯಿಂದ ಎಲೆಯ ಪಕ್ಕ ತಟ್ಟಿ ಮೆಚ್ಚಿಕೊಂಡರು.

"ತಪ್ಪಾತ್ರೀ ಮಾಸ್ತರ, ನಡುವ ನಿಂತುಬಿಟ್ಟೆ" ಎಂದೆ.

ಮಾಸ್ತರರು ವಾದ್ಯ ಒರೆಸುತ್ತ ಬಹಳ ಮರ್ಯಾದೆಯಿಂದ ಹೇಳಿದರು: "ಛಲೋ ಆತ್ ಬಿಡ್ರೀ ಸರ. ನೀವು ನಿಂತ ಮ್ಯಾಲ ನಮಗ ಉಸಿರು ತಗೊಳ್ಳಾಕ ಜಾಗ ಸಿಕ್ತು."